ಗ್ರಾಮೀಣ ಕೋಟಾ ಸಿಗಲಿಕ್ಕಿಲ್ಲ, ಆದರೆ ನೀನು ಕೇಳದೇ ಬಿಟ್ಟದ್ದು ಇನ್ನೊಂದಿದೆ

ಪ್ರಶ್ನೆ: ನಾನು ಹೊನ್ನಾಳಿ ತಾಲ್ಲೂಕಿನ ಹಳ್ಳಿಯವಳು. ಈಗಷ್ಟೇ ಪ್ರಥಮ ಪಿಯುಸಿ ಪರೀಕ್ಷೆ ಮುಗಿದಿದೆ, ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ). 1ರಿಂದ 7ರವರೆಗೆ ನಮ್ಮೂರ ಸರ್ಕಾರಿ ಶಾಲೆ, 8ರಿಂದ 10ರವರೆಗೆ ಹೊನ್ನಾಳಿ ಪೇಟೆಯ ಹೈಸ್ಕೂಲು, ಎಲ್ಲ ಕನ್ನಡ ಮಾಧ್ಯಮ. ಅಪ್ಪನಿಗೆ ಮೂರು ಎಕರೆ ಹೊಲ, ನಾವು ಹಿಂದುಳಿದ ವರ್ಗ 2ಎ. ಎಂಜಿನಿಯರಿಂಗ್ ಅಥವಾ ಬಿಎಸ್‌ಸಿ ಅಗ್ರಿ ಮಾಡುವ ಆಸೆ. ಹಳ್ಳಿಯವರಿಗೆ ಗ್ರಾಮೀಣ ಕೋಟಾ ಇದ್ದೇ ಇರುತ್ತದೆ, ಚಿಂತೆ ಬೇಡ ಅಂತ ಅಪ್ಪ ಹೇಳುತ್ತಾರೆ. ಐದನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್‌ಗೆ ಮಾಡಿಸಿದ ಜಾತಿ ಸರ್ಟಿಫಿಕೇಟ್ ಮನೆಯಲ್ಲಿದೆ. ಸಿಇಟಿ ಆಯ್ಕೆ ಪಟ್ಟಿಯಲ್ಲಿ (ಬೇಕಾದ ಕಾಲೇಜುಗಳನ್ನು ನಾವೇ ಸಾಲಾಗಿ ಬರೆದು ಕೊಡುವ ಪಟ್ಟಿ) ದೊಡ್ಡ ಕಾಲೇಜನ್ನು ಮೊದಲು ಹಾಕಿದರೆ ಅದೂ ಸಿಗುವುದಿಲ್ಲ, ಕೆಳಗಿನದೂ ಹೋಗುತ್ತದೆ ಎಂದು ದೊಡ್ಡಪ್ಪನ ಮಗ ಹೇಳಿದ. ಬೆಂಗಳೂರಿನ ಕೋಚಿಂಗ್‌ಗೆ ಲಕ್ಷದ ಮೇಲೆ ಕೇಳುತ್ತಿದ್ದಾರೆ, ಅಪ್ಪ ಸಾಲ ಮಾಡಲೂ ತಯಾರು. ಅಮ್ಮನಿಗೆ ನಾನು ಬೆಂಗಳೂರಿಗೆ ಹೋಗುವುದೇ ಇಷ್ಟವಿಲ್ಲ. ಇನ್ನೊಂದು ವರ್ಷ ಇದೆ ಸರ್, ಈಗಿಂದ ಏನು ಮಾಡಬೇಕು?

ಉತ್ತರ: ಇಪ್ಪತ್ತು ವರ್ಷಕ್ಕೂ ಮೇಲೆ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿದವನು ನಾನು. ಹಾಗಾಗಿ ‘ನೀನು’ ಅಂತಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಪಾಠದ ಜೊತೆಗೆ ಪ್ರತಿ ಬೇಸಿಗೆ ಸಿಇಟಿ ದಾಖಲೆ ಪರಿಶೀಲನೆಯ ಮೇಜಿನ ಹಿಂದೆ ಕೂತಿದ್ದೇನೆ. ಪರೀಕ್ಷೆ ಕೆಟ್ಟು ಸೀಟು ಹೋದ ಮಕ್ಕಳು ಆ ಮೇಜಿನ ತನಕ ಬರುವುದೇ ಇಲ್ಲ. ಅಲ್ಲಿ ಅಳುವವರು ಒಳ್ಳೆಯ ರ‍್ಯಾಂಕ್ ಬಂದವರು. ಕಾಗದ ಸರಿ ಇಲ್ಲ, ಅಥವಾ ಆಯ್ಕೆ ಪಟ್ಟಿಯನ್ನು ಯಾರದೋ ಮಾತು ಕೇಳಿ ಬರೆದಿರುತ್ತಾರೆ. ನಿನ್ನ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಈ ಎರಡರ ಬಗ್ಗೆಯೇ ಇವೆ. ಅದಕ್ಕೇ ಕೋಚಿಂಗ್ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ಅಪ್ಪನ ಮಾತು. ಹಳ್ಳಿಯಲ್ಲಿ ಮನೆ ಇದ್ದರೆ, ಪಹಣಿ ಇದ್ದರೆ, ರೇಷನ್ ಕಾರ್ಡ್ ಹಳ್ಳಿಯ ವಿಳಾಸದ್ದಾದರೆ ಗ್ರಾಮೀಣ ಕೋಟಾ ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ನಿನ್ನ ಮನೆ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ನಿನ್ನ ಶಾಲೆ ಎಲ್ಲಿತ್ತು ಎಂದು ಕೇಳುತ್ತಾರೆ. 1ನೇ ತರಗತಿಯಿಂದ 10ನೇ ತರಗತಿಯವರೆಗೆ, ಪೂರ್ತಿ ಹತ್ತು ವರ್ಷ, ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ಇವುಗಳ ವ್ಯಾಪ್ತಿಯಲ್ಲಿ ಒಂದೇ ವರ್ಷ ಓದಿದ್ದರೂ ಲೆಕ್ಕ ಮುರಿಯಿತು. ದಿನಾ ಹಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಬಂದೆ ಸಾರ್ ಎಂದು ಮಕ್ಕಳು ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ. ಬಸ್ಸಿನಲ್ಲಿ ಹೋದ ಕಷ್ಟಕ್ಕೆ ಆ ನಿಯಮದಲ್ಲಿ ಜಾಗವಿಲ್ಲ. ಪೇಟೆಯಲ್ಲಿ ಮನೆ ಇಟ್ಟುಕೊಂಡು ಪಕ್ಕದ ಹಳ್ಳಿಯ ಶಾಲೆಗೆ ಕಾರಿನಲ್ಲಿ ಹೋದ ಮಗುವಿಗೆ ಈ ಕೋಟಾ ಸಿಗುತ್ತದೆ, ನಿನ್ನಂಥವಳಿಗೆ ಸಿಗುವುದಿಲ್ಲ. ಇದು ನ್ಯಾಯವೇ ಎಂದರೆ ನನಗೂ ಸಮಾಧಾನವಿಲ್ಲ, ಆದರೆ ನಿಯಮ ಇರುವುದು ಹೀಗೆ.

ಒಂದು ಸಣ್ಣ ಆಸೆ ಉಳಿದಿದೆ. ‘ಪೇಟೆಯ ಹೈಸ್ಕೂಲು’ ಎಂದು ಬರೆದಿದ್ದೀಯ. ಜನ ಪೇಟೆ ಎನ್ನುವ ಎಷ್ಟೋ ಶಾಲೆಗಳು ಊರ ಅಂಚಿನಲ್ಲಿ, ಗ್ರಾಮ ಪಂಚಾಯಿತಿ ಜಾಗದಲ್ಲಿ ಇರುತ್ತವೆ. ನಿನ್ನ ಹೈಸ್ಕೂಲು ಯಾವ ವ್ಯಾಪ್ತಿಗೆ ಸೇರಿದೆ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಒಮ್ಮೆ ಕೇಳು. ಗ್ರಾಮ ಪಂಚಾಯಿತಿಯದ್ದಾದರೆ ನಿನ್ನ ಅದೃಷ್ಟ. ಅಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡು. ಮುಖ್ಯೋಪಾಧ್ಯಾಯರಿಗೆ ಹೇಳಿ ಹೇಗೋ ಬರೆಸಿಕೊಂಡು ಬರೋಣ ಎಂದು ಯಾರಾದರೂ ಅಂದರೆ ಕಿವಿಗೊಡಬೇಡ. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಗ್ರಾಮೀಣ ಸೀಟು ಮಾತ್ರವಲ್ಲ, ಹಕ್ಕಿನಿಂದ ಬರುವ ಸೀಟಿಗೂ ಸಂಚಕಾರ.

ಈಗ ನೀನು ಕೇಳದೇ ಬಿಟ್ಟದ್ದು. ಹತ್ತೂ ವರ್ಷ ಕನ್ನಡ ಮಾಧ್ಯಮ ಎಂದು ಬರೆದು, ಅದನ್ನು ದಾಟಿ ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದೀಯ. ತಾಯಿ, ಅದಕ್ಕೇ ಒಂದು ಮೀಸಲಾತಿ ಇದೆ! 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತಿ ವರ್ಗದೊಳಗೂ ಶೇ 5 ಸೀಟು. ಗ್ರಾಮೀಣದ್ದು ಶೇ 15, ಕನ್ನಡ ಮಾಧ್ಯಮದ್ದು ಶೇ 5. ಶಾಲೆ ಪೇಟೆಯಲ್ಲಿದ್ದರೂ ಅಡ್ಡಿಯಿಲ್ಲ, ಪಿಯುಸಿ ಇಂಗ್ಲಿಷ್‌ನಲ್ಲಿ ಓದಿದರೂ ಅಡ್ಡಿಯಿಲ್ಲ. ಕನ್ನಡವನ್ನು ಒಂದು ಭಾಷೆಯಾಗಿ ಓದಿದ್ದರೆ ಸಾಲದು, ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಕನ್ನಡದಲ್ಲಿ ಓದಿರಬೇಕು. ನೀನು ಓದಿದ್ದೀಯ.

ಇದರ ಬೆಲೆ ಏನೆಂದು ನೋಡಬೇಕಾದರೆ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ಕಳೆದ ವರ್ಷದ ಕಟ್ ಆಫ್ ಪಟ್ಟಿ ತೆಗೆ. ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಎಂದು ಕಾಲಂಗಳಿರುತ್ತವೆ. ‘ಜಿಎಂ’ ಎಂದರೆ ಎಲ್ಲರಿಗೂ ತೆರೆದ ಸಾಮಾನ್ಯ ವರ್ಗ. 2ಎ ಮುಂದಿನ ‘ಜಿ’ ಎಂದರೆ ಆ ವರ್ಗದ ಸಾಮಾನ್ಯ ಸೀಟು, ಕೊನೆಯ ಅಕ್ಷರ ‘ಕೆ’ ಎಂದರೆ ಕನ್ನಡ ಮಾಧ್ಯಮ, ‘ಆರ್’ ಎಂದರೆ ಗ್ರಾಮೀಣ. 2ಎ ವರ್ಗದ, ಕನ್ನಡ ಮಾಧ್ಯಮದಲ್ಲಿ ಓದಿದ ನೀನು ಜಿಎಂ, ಜಿಎಂಕೆ, 2ಎಜಿ, 2ಎಕೆ ಈ ನಾಲ್ಕೂ ಕಾಲಂಗಳ ಸೀಟಿಗೆ ಅರ್ಹಳು. ಯಾವ ಕಾಲಂನಿಂದ ಎಂದು ನೀನು ಆರಿಸಬೇಕಿಲ್ಲ, ತಂತ್ರಾಂಶವೇ ನೋಡಿಕೊಳ್ಳುತ್ತದೆ. ನಾನು ಕಂಡ ಹುಡುಗಿಯೊಬ್ಬಳು ಅರ್ಜಿಯಲ್ಲಿ ಕನ್ನಡ ಮಾಧ್ಯಮದ ಕಾಲಂಗೆ ‘ಇಲ್ಲ’ ಎಂದು ಹಾಕಿದ್ದಳು. ಇಂಗ್ಲಿಷ್ ಬರಲ್ಲ ಅಂದುಕೊಳ್ಳುತ್ತಾರೇನೋ ಅಂತ ಹಾಗೆ ಮಾಡಿದೆ ಎಂದಳು. ಅವಳ ಮುಖ ಇವತ್ತಿಗೂ ಮರೆತಿಲ್ಲ.

ಕಾಗದಗಳಿಗೆ ಬರೋಣ. ಐದನೇ ಕ್ಲಾಸಿನ ಆ ಸರ್ಟಿಫಿಕೇಟನ್ನು ನಂಬಬೇಡ. 2ಎ, 2ಬಿ, 3ಎ, 3ಬಿ ವರ್ಗಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯುಸ್ಸು. ನಿನ್ನದು ಈಗಾಗಲೇ ಮುಗಿದಿದೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ರವರ ಜಾತಿ ಪತ್ರಕ್ಕೆ ಹೀಗೆ ಗಡುವಿಲ್ಲ, ಅದಕ್ಕೇ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾಡಕಚೇರಿಗೆ ಅಪ್ಪನ ಜೊತೆ ಹೋಗಿ ಹೊಸದು ಮಾಡಿಸು. ಸಿಇಟಿಗೆ ಬೇಕಾದದ್ದು ತಹಶೀಲ್ದಾರರು ಕೊಡುವ ನಮೂನೆ ‘ಎಫ್’. ಅದು ನಿನ್ನ ಹೆಸರಿನಲ್ಲೇ ಇರಬೇಕು, ಅಪ್ಪನ ಹೆಸರಿನದ್ದು ನಡೆಯುವುದಿಲ್ಲ. ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ನಂಬರ್ ಇರುತ್ತದೆ. ಅರ್ಜಿಯಲ್ಲಿ ಹಾಕುವುದು ಆ ನಂಬರನ್ನೇ. ಒಂದು ಅಂಕಿ ತಪ್ಪಿದರೂ ಕಂಪ್ಯೂಟರ್ ನಿನ್ನನ್ನು 2ಎ ಎಂದು ಒಪ್ಪುವುದಿಲ್ಲ.

ಅದನ್ನು ಮಾಡಿಸುವ ಮೊದಲು ಇನ್ನೊಂದು ಕೆಲಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ರಾಥಮಿಕ ಶಾಲೆಯ ದಾಖಲೆ, ಮೂರನ್ನೂ ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಓದು. ಒಂದರಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ, ಒಂದರಲ್ಲಿ ಅಪ್ಪನ ಹೆಸರಿಗೆ ‘ಪ್ಪ’ ಇದೆ, ಇನ್ನೊಂದರಲ್ಲಿ ಇಲ್ಲ. ನಮ್ಮ ಕಡೆ ಇದು ಮನೆಮನೆಯ ಕಥೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೂಲ ಎಂದು ಹಿಡಿದು ಉಳಿದದ್ದನ್ನು ಅದಕ್ಕೆ ಹೊಂದಿಸು. ಆಧಾರ್ ತಿದ್ದುಪಡಿಗೆ ಕೆಲವು ವಾರ ಹಿಡಿಯಬಹುದು, ಅಂಕಪಟ್ಟಿಯಲ್ಲೇ ತಪ್ಪಿದ್ದರೆ ತಿಂಗಳುಗಳೇ ಬೇಕಾಗಬಹುದು. ಒಂದು ವರ್ಷ ಮೊದಲೇ ಪ್ರಶ್ನೆ ಕೇಳಿದ್ದರ ಲಾಭ ಇರುವುದೇ ಇಲ್ಲಿ. ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಜನವರಿಯ ಆಸುಪಾಸಿನಲ್ಲೇ ಶುರುವಾಗಿದೆ, ಪರೀಕ್ಷೆ ಏಪ್ರಿಲ್‌ನಲ್ಲಿ. ದ್ವಿತೀಯ ಪಿಯುಸಿಯ ಪ್ರಾಕ್ಟಿಕಲ್, ಪೂರ್ವಸಿದ್ಧತಾ ಪರೀಕ್ಷೆ ಎಲ್ಲ ಮೈಮೇಲೆ ಬಿದ್ದಿರುವಾಗ ನಾಡಕಚೇರಿಯ ಸಾಲಿನಲ್ಲಿ ನಿಲ್ಲುವ ಮಕ್ಕಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಅಂಕಗಳ ಲೆಕ್ಕ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ, ಸಿಇಟಿಯ ಅದೇ ಮೂರು ವಿಷಯದ ಅಂಕ ಅರ್ಧ. ಪಿಯುಸಿಯಲ್ಲಿ 300, ಸಿಇಟಿಯಲ್ಲಿ 180, ಎರಡನ್ನೂ 50-50ಕ್ಕೆ ಇಳಿಸುತ್ತಾರೆ. ಕೂತು ಲೆಕ್ಕ ಹಾಕು: ಸಿಇಟಿಯ 3 ಪ್ರಶ್ನೆ ಪಿಯುಸಿಯ 5 ಅಂಕಕ್ಕೆ ಸಮ. ಪಿಯುಸಿಯಲ್ಲಿ 285 ತೆಗೆದು ಸಿಇಟಿಯಲ್ಲಿ 72 ತೆಗೆದವಳಿಗೆ ಒಟ್ಟು 67.5 ಬರುತ್ತದೆ. ಪಿಯುಸಿಯಲ್ಲಿ 255, ಸಿಇಟಿಯಲ್ಲಿ 108 ತೆಗೆದವಳಿಗೆ 72.5. ಮೊದಲನೆಯವಳ ಫೋಟೊ ಕಾಲೇಜಿನ ಬ್ಯಾನರ್ ಮೇಲೆ ಬರುತ್ತದೆ, ಎರಡನೆಯವಳು ರ‍್ಯಾಂಕ್‌ನಲ್ಲಿ ಸಾವಿರಾರು ಸ್ಥಾನ ಮುಂದಿರುತ್ತಾಳೆ. ಹಾಗಂತ ಪಿಯುಸಿಯನ್ನು ಕಡೆಗಣಿಸು ಎನ್ನುತ್ತಿಲ್ಲ. ಬೋರ್ಡ್ ಅಂಕ ದುಡಿಮೆಗೆ ಬಗ್ಗುತ್ತದೆ, ಸಿಇಟಿ ವೇಗ ಕೇಳುತ್ತದೆ. ಪ್ರತಿ ಪತ್ರಿಕೆಗೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಪ್ರಥಮ ಪಿಯುಸಿ ಅಂಕ ಎಲ್ಲಿಯೂ ಲೆಕ್ಕಕ್ಕಿಲ್ಲ, ಆದರೆ ಪ್ರಥಮ ಪಿಯುಸಿ ಪಾಠದ ಪ್ರಶ್ನೆಗಳು ಸಿಇಟಿಯಲ್ಲಿ ಬರುತ್ತವೆ. ನೀನು ಈಗ ಮುಗಿಸಿದ ಪುಸ್ತಕಗಳನ್ನು ಹರಾಜಿಗೆ ಹಾಕಬೇಡ.

ಕೋಚಿಂಗ್‌ಗೆ ಲಕ್ಷದ ಸಾಲ ಬೇಕೇ? ಈ ಲೆಕ್ಕ ನೋಡಿದ ಮೇಲೆ ನನ್ನ ಉತ್ತರ: ಬೇಡ. ನೀಟ್ ಅಥವಾ ಜೆಇಇ ಗುರಿ ಆಗಿದ್ದರೆ ಬೇರೆ ಮಾತು, ಅಲ್ಲಿ ಪ್ರಶ್ನೆಯ ಜಾತಿಯೇ ಬೇರೆ. ಸಿಇಟಿ ನಿನ್ನ ಪಠ್ಯಪುಸ್ತಕದ ಪರೀಕ್ಷೆ. ಹಿಂದಿನ ಹತ್ತು ವರ್ಷದ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದು, ತಪ್ಪಿದ್ದನ್ನು ನಿನ್ನ ಉಪನ್ಯಾಸಕರ ಬಳಿ ಒಯ್ದು ಕೇಳುವುದು, ಇಷ್ಟನ್ನು ವಾರಕ್ಕೆರಡು ಸಲ ಮಾಡಿದರೆ ಬಹುಪಾಲು ಕೋಚಿಂಗ್‌ಗಳು ಕೊಡುವುದು ನಿನಗೆ ಸಿಕ್ಕಂತೆಯೇ. ಗಣಿತದಲ್ಲಿ ತಳಪಾಯವೇ ಸಡಿಲ ಎನಿಸಿದರೆ ಆ ಒಂದು ವಿಷಯಕ್ಕೆ ಹತ್ತಿರದಲ್ಲೇ ಟ್ಯೂಷನ್ ಹಿಡಿ. ಕೋಚಿಂಗ್‌ಗೆ ಹೋಗಿ ಉದ್ಧಾರವಾದವರನ್ನೂ ಕಂಡಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಸಾಲ ಮಾಡಿ ಕಳಿಸಿದ ಮನೆಯ ಮಗು ಪ್ರತಿ ಟೆಸ್ಟ್‌ನಲ್ಲೂ ಆ ಸಾಲವನ್ನೇ ನೋಡುತ್ತಾ ಕೂರುವುದನ್ನೂ ಕಂಡಿದ್ದೇನೆ. ಆ ದುಡ್ಡು ಮುಂದೆ ಹಾಸ್ಟೆಲ್ಲಿಗೆ, ಲ್ಯಾಪ್‌ಟಾಪ್‌ಗೆ ಬೇಕೇ ಬೇಕು.

ಬಿಎಸ್‌ಸಿ ಅಗ್ರಿಗೂ ಇದೇ ಅರ್ಜಿ, ಇದೇ ಸಿಇಟಿ. ಪಿಸಿಎಂಬಿ ತೆಗೆದುಕೊಂಡಿರುವುದರಿಂದ ನಾಲ್ಕೂ ಪತ್ರಿಕೆ ಬರೆ. ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಫಾರ್ಮಸಿ ಎಲ್ಲಕ್ಕೂ ಬೇರೆಬೇರೆ ರ‍್ಯಾಂಕ್ ಬರುತ್ತದೆ. ಇಲ್ಲಿ ಅಪ್ಪನ ಮೂರು ಎಕರೆಗೆ ಬೆಲೆ ಇದೆ: ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ. ಅದಕ್ಕೆ ತಹಶೀಲ್ದಾರರಿಂದ ಬೇರೆಯದೇ ಪ್ರಮಾಣಪತ್ರ ಬೇಕು, ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗಿಡ, ಕಳೆ, ಗೊಬ್ಬರ, ಉಪಕರಣ ಇಟ್ಟು ಇದೇನು ಎಂದು ಕೇಳುತ್ತಾರೆ. ಇದನ್ನು ಹುಡುಗಾಟ ಅಂದುಕೊಂಡು ಹೋಗಿ ಕೆಟ್ಟವರಿದ್ದಾರೆ. ಹೈಸ್ಕೂಲಿನಿಂದಲೂ ಹಾಸ್ಟೆಲ್‌ನಲ್ಲೇ ಬೆಳೆದ ನನ್ನ ವಿದ್ಯಾರ್ಥಿಯೊಬ್ಬ, ಅಪ್ಪಟ ರೈತರ ಮನೆಯ ಹುಡುಗ, ನವಣೆ ಯಾವುದು ಸಾಮೆ ಯಾವುದು ಎಂದು ಗುರುತಿಸಲಾರದೆ ಬಂದ. ಅವನ ಅಪ್ಪ ಅವನಿಗಿಂತ ಹೆಚ್ಚು ನಾಚಿಕೊಂಡರು. ನೀನು ಈ ರಜೆಯಲ್ಲಿ ಹೊಲಕ್ಕೆ ಹೋಗು. ಅಪ್ಪನಿಗೆ ಗೊತ್ತಿಲ್ಲದ ಬೀಜಗಳನ್ನು ರೈತ ಸಂಪರ್ಕ ಕೇಂದ್ರದಲ್ಲಿ ನೋಡು. ಎಂಜಿನಿಯರಿಂಗ್‌ಗೆ ಈ ಪರೀಕ್ಷೆಯ ಸಂಬಂಧವಿಲ್ಲ, ಆದರೆ ಶಿವಮೊಗ್ಗದ ನವುಲೆ ಕೃಷಿ ಕಾಲೇಜು ನಿನ್ನ ಮನೆಗೆ ಎಷ್ಟು ಹತ್ತಿರ ಎಂದು ಯೋಚಿಸಿದರೆ ಅಮ್ಮನಿಗೆ ಈ ದಾರಿ ಹಿಡಿಸಬಹುದು.

ಈಗ ದೊಡ್ಡಪ್ಪನ ಮಗ ಹೇಳಿದ್ದು. ಇದರಷ್ಟು ಸೀಟುಗಳನ್ನು ಹಾಳು ಮಾಡಿದ ಸುಳ್ಳು ಇನ್ನೊಂದಿಲ್ಲ.

ಸೀಟು ಹಂಚಿಕೆ ನಡೆಯುವ ಬಗೆ ಸರಳ. ಕಂಪ್ಯೂಟರ್ ಮೊದಲ ರ‍್ಯಾಂಕ್‌ನವರ ಪಟ್ಟಿಯನ್ನು ಮೇಲಿನಿಂದ ಓದುತ್ತದೆ, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಆಮೇಲೆ ಎರಡನೇ ರ‍್ಯಾಂಕ್. ಹಾಗೇ ನಿನ್ನ ಸರದಿ ಬಂದಾಗ ನಿನ್ನ 1ನೇ ಆಯ್ಕೆ ನೋಡುತ್ತದೆ, ನೀನು ಅರ್ಹಳಾಗಿರುವ ಯಾವ ಕಾಲಂನಲ್ಲೂ ಇಲ್ಲದಿದ್ದರೆ 2ನೆಯದು, ಅಲ್ಲೂ ಇಲ್ಲದಿದ್ದರೆ 3ನೆಯದು. ನೀನು 40ನೇ ಸಾಲಿನಲ್ಲಿ ಬರೆದ ಕಾಲೇಜಿನ ಸೀಟು, ನಿನಗಿಂತ ಹಿಂದಿನ ರ‍್ಯಾಂಕ್‌ನವನು ಅದನ್ನೇ ಮೊದಲ ಸಾಲಿನಲ್ಲಿ ಬರೆದ ಎಂಬ ಕಾರಣಕ್ಕೆ ಅವನಿಗೆ ಹೋಗುವುದಿಲ್ಲ. ಅವನ ಪಟ್ಟಿ ತೆರೆಯುವುದೇ ನಿನ್ನದು ಮುಗಿದ ಮೇಲೆ. ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜನ್ನು ಮೇಲೆ ಬರೆದರೆ ದಾವಣಗೆರೆಯ ಯುಬಿಡಿಟಿ ಕಾಲೇಜು ಕೈಬಿಡುತ್ತದೆ ಎಂಬುದು ಶುದ್ಧ ಸುಳ್ಳು. ನಿಜವಾಗಿ ಎಲ್ಲಿ ಓದಲು ಹೆಚ್ಚು ಇಷ್ಟವೋ ಅದನ್ನು ಮೇಲೆ ಬರೆಯಬೇಕು, ರ‍್ಯಾಂಕ್ ನೋಡಿ ‘ಇದು ಸಿಗುತ್ತದೆ’ ಎನ್ನುವುದನ್ನು ಮೇಲೆ ಹಾಕಬಾರದು. ಸಿಗುವಂಥದ್ದನ್ನು ಮೇಲೆ ಹಾಕಿದರೆ ಅದು ಸಿಗುತ್ತದೆ, ನಿಜ. ಅದರ ಕೆಳಗೆ ಬರೆದ ಒಳ್ಳೆಯದನ್ನು ಆಮೇಲೆ ಯಾರೂ ನೋಡುವುದಿಲ್ಲ.

ಈ ವ್ಯವಸ್ಥೆಗೆ ಇಂಥ ಬಿಗಿ ಬಂದದ್ದಕ್ಕೆ ಹಿನ್ನೆಲೆ ಇದೆ. ಒಂದು ಕಾಲಕ್ಕೆ ಕ್ಯಾಪಿಟೇಷನ್ ಶುಲ್ಕಕ್ಕೆ, ಅಂದರೆ ಸೀಟು ಕೊಡಲು ಕಾಲೇಜುಗಳು ಕೀಳುವ ಹೆಚ್ಚುವರಿ ಹಣಕ್ಕೆ, ನಮ್ಮ ರಾಜ್ಯ ಕುಖ್ಯಾತ. 1984ರಲ್ಲಿ ಅದರ ವಿರುದ್ಧ ಕಾಯ್ದೆ ಬಂತು, 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೇ ಛೀಮಾರಿ ಹಾಕಿತು, ಮರುವರ್ಷ ಅದೇ ವಿಷಯದ ಮೇಲೆ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. 1994ರಲ್ಲಿ ಸಿಇಟಿ ಶುರುವಾದದ್ದು ಆ ಬಿಸಿಯಲ್ಲಿ. ಯಾರ ಕೈಗೂ ಸಿಗದ ಹಾಗೆ ರ‍್ಯಾಂಕ್ ಮತ್ತು ಪಟ್ಟಿ ಎರಡರ ಮೇಲೆ ಮಾತ್ರ ಸೀಟು ನಡೆಯಲಿ ಎಂಬುದು ಉದ್ದೇಶ.

ಅಣಕು ಹಂಚಿಕೆ ಎಂದು ಒಂದು ಸುತ್ತು ಬರುತ್ತದೆ. ಅದು ನಿಜವಾದ ಸೀಟಲ್ಲ, ನಿನ್ನ ಪಟ್ಟಿಗೆ ಏನು ಸಿಗಬಹುದೆಂದು ತೋರಿಸುವ ಕನ್ನಡಿ. ಪಟ್ಟಿ ತಿದ್ದಲು ಅವಕಾಶ ಅಲ್ಲೇ. ನಿಜವಾದ ಸುತ್ತಿನಲ್ಲಿ ಸೀಟು ಬಂದ ಮೇಲೆ ಛಾಯ್ಸ್ ಹೇಳಬೇಕು. ಛಾಯ್ಸ್ 1 ಎಂದರೆ ಒಪ್ಪಿದೆ, ಶುಲ್ಕ ಕಟ್ಟಿ ಸೇರುತ್ತೇನೆ, ಮುಂದಿನ ಸುತ್ತು ಬೇಡ. ಛಾಯ್ಸ್ 2 ಎಂದರೆ ಇದನ್ನು ಇಟ್ಟುಕೊಂಡು ಇದಕ್ಕಿಂತ ಮೇಲಿನದಕ್ಕೆ ಕಾಯುತ್ತೇನೆ. 3 ಎಂದರೆ ಇದು ಬೇಡ, ಮುಂದಿನ ಸುತ್ತು ಬೇಕು. 4 ಎಂದರೆ ನಾನೇ ಹೊರಗೆ. ಶುಲ್ಕ ಯಾವಾಗ ಎಷ್ಟು ಎನ್ನುವ ಷರತ್ತು ಬದಲಾಗಬಹುದು, ನಿನ್ನ ವರ್ಷದ ಸೂಚನೆಯನ್ನೇ ಓದು.

ಛಾಯ್ಸ್ 2 ಕ್ಷೇಮ ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲೂ ಒಂದು ಗುಂಡಿ ಇದೆ. ನನಗೆ ಗೊತ್ತಿರುವ ಹುಡುಗನಿಗೆ ಮೊದಲ ಸುತ್ತಿನಲ್ಲಿ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿತು. ಖುಷಿಯಾಗಿದ್ದ. ಇನ್ನೂ ಒಳ್ಳೆಯದು ಬಂದರೆ ಬರಲಿ ಎಂದು ಛಾಯ್ಸ್ 2 ಒತ್ತಿದ. ಪಟ್ಟಿಯ ಮೇಲ್ತುದಿಯಲ್ಲಿ, ಹೆಸರಿನ ಮೋಹಕ್ಕೆ, ಬೆಂಗಳೂರಿನ ದೊಡ್ಡ ಕಾಲೇಜೊಂದರ ಬೇಡದ ಬ್ರಾಂಚ್ ಬರೆದಿದ್ದ. ಎರಡನೇ ಸುತ್ತಿನಲ್ಲಿ ಅದೇ ಬಂತು. ಮೇಲಿನ ಆಯ್ಕೆ ಸಿಕ್ಕ ಕ್ಷಣ ಕೆಳಗಿನ ಸೀಟು ತಾನೇ ರದ್ದು, ಅದು ಬೇರೆಯವರ ಪಾಲಾಗಿತ್ತು. ಅವನ ತಂದೆ ನನ್ನ ಮೇಜಿನ ಮುಂದೆ ಕೂತು ‘ಏನಾದರೂ ಮಾಡಿ ಸರ್’ ಎಂದರು. ಮಾಡುವುದಕ್ಕೆ ಏನೂ ಇರಲಿಲ್ಲ. ಕೈಯಲ್ಲಿರುವ ಸೀಟಿಗಿಂತ ನಿಜವಾಗಿ ಹೆಚ್ಚು ಬೇಕಾದವುಗಳನ್ನಷ್ಟೇ ಮೇಲೆ ಉಳಿಸಿ, ಉಳಿದವನ್ನು ಮುಂದಿನ ಸುತ್ತಿನ ಮೊದಲು ಅಳಿಸಬೇಕಿತ್ತು.

ಲಾಗಿನ್, ಪಾಸ್‌ವರ್ಡ್, ಒಟಿಪಿ ನಿನ್ನ ಕೈಯಲ್ಲೇ ಇರಲಿ. ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸಿದರೂ ಮೊಬೈಲ್ ನಂಬರ್ ಮನೆಯದ್ದೇ ಕೊಡು. 2024ರಲ್ಲಿ ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ (ಸೇರುವ ಉದ್ದೇಶವಿಲ್ಲದೆ ಸೀಟು ಹಿಡಿದಿಡುವುದು) ಪ್ರಕರಣದಲ್ಲಿ ಬೆಂಗಳೂರು ಪೊಲೀಸರು ಹಲವರನ್ನು ಬಂಧಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ನೀವೇನೂ ಮಾಡಬೇಡಿ, ಆಯ್ಕೆ ಪಟ್ಟಿ ನಾವೇ ತುಂಬಿಕೊಡುತ್ತೇವೆ ಎನ್ನುವ ಏಜೆಂಟರು ರಿಸಲ್ಟ್ ದಿನವೇ ಫೋನ್ ಮಾಡಲು ಶುರುಮಾಡುತ್ತಾರೆ. ಅವರಿಗೆ ನಿನ್ನ ನಂಬರ್ ಎಲ್ಲಿ ಸಿಕ್ಕಿತು ಎನ್ನುವುದೇ ಬೇರೆ ಕಥೆ.

ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆ ಬರೆಯಲೇ ಎಂದು ನೀನು ಕೇಳಿಲ್ಲ, ಆದರೆ ಗೆಳತಿಯರು ಬರೆಯುವಾಗ ಮನಸ್ಸಾಗುತ್ತದೆ. 180 ಪ್ರಶ್ನೆ, ಮೂರು ಗಂಟೆ, ಪಿಯುಸಿ ಅಂಕದ ಲೆಕ್ಕವಿಲ್ಲ. ಒಳ್ಳೆಯ ಖಾಸಗಿ ಕಾಲೇಜುಗಳಿಗೆ ಅದು ಇನ್ನೊಂದು ಬಾಗಿಲು, ಆದರೆ ಸರ್ಕಾರಿ ಕೋಟಾದ ಶುಲ್ಕಕ್ಕಿಂತ ಬಹಳ ಹೆಚ್ಚು, ಈ ಕೋಟಾಗಳೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಆ ಶುಲ್ಕ ಕಟ್ಟುವ ಶಕ್ತಿ ಇಲ್ಲದಿದ್ದರೆ ಸುಮ್ಮನೆ ಅರ್ಜಿ ಹಣ ಕಳೆಯಬೇಡ. ಸಿಇಟಿಯಲ್ಲೇ ಸೂಪರ್ ನ್ಯೂಮರರಿ (ಹೆಚ್ಚುವರಿ ಸೀಟುಗಳ) ಕೋಟಾ ಎಂದಿದೆ, ಕುಟುಂಬದ ಆದಾಯ 8 ಲಕ್ಷದೊಳಗಿರುವವರಿಗೆ ಬೋಧನಾ ಶುಲ್ಕದ ವಿನಾಯಿತಿ. ಆಯ್ಕೆ ಪಟ್ಟಿ ತುಂಬುವಾಗ ಅದನ್ನು ಕಣ್ಣಿಟ್ಟು ನೋಡು.

ಕೊನೆಗೆ ಅಮ್ಮ. ಆಯ್ಕೆ ಪಟ್ಟಿಯಲ್ಲಿ ಬರೆದ ಪ್ರತಿ ಸಾಲೂ ‘ಸಿಕ್ಕರೆ ಹೋಗುತ್ತೇನೆ’ ಎಂಬ ಮಾತು. ಬೆಂಗಳೂರು ಬೇಡ ಎಂದು ಅಮ್ಮ ಕೊನೆಯವರೆಗೂ ಹೇಳುವುದಾದರೆ ಬೆಂಗಳೂರಿನ ಒಂದು ಸಾಲೂ ಪಟ್ಟಿಯಲ್ಲಿ ಇರಬಾರದು. ಹೋಗಲೇಬೇಕು ಎಂದು ನಿನಗಿದ್ದರೆ ಆ ಜಗಳ ಈ ವರ್ಷವೇ ಮುಗಿಯಲಿ, ಪಟ್ಟಿ ಸಲ್ಲಿಸುವ ರಾತ್ರಿ ಬೇಡ. ಒಮ್ಮೆ ಅಮ್ಮನನ್ನೇ ಕರೆದುಕೊಂಡು ದಾವಣಗೆರೆ, ಶಿವಮೊಗ್ಗದ ಕಾಲೇಜುಗಳ ಹಾಸ್ಟೆಲ್ ನೋಡಿ ಬಾ. ಬೆಂಗಳೂರಿನದ್ದನ್ನೂ ಒಂದು ನೋಡಿ. ಅಮ್ಮಂದಿರು ಊರಿಗೆ ಹೆದರುವುದಕ್ಕಿಂತ ಹಾಸ್ಟೆಲ್ ಗೇಟ್ ಎಷ್ಟು ಗಂಟೆಗೆ ಹಾಕುತ್ತಾರೆ, ಊಟ ಹೇಗೆ ಎಂಬುದಕ್ಕೆ ಹೆಚ್ಚು ಹೆದರುತ್ತಾರೆ ಎಂದು ನನಗೆ ಮನದಟ್ಟಾಗಿದೆ.

ಇವುಗಳಲ್ಲಿ ಮೊದಲು ಆಗಬೇಕಾದದ್ದು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರ. ನಿಮ್ಮೂರ ಶಾಲೆಯಿಂದ ಒಂದು, ಹೈಸ್ಕೂಲಿನಿಂದ ಒಂದು, ಎರಡಕ್ಕೂ ಬಿಇಒ ಮೇಲುಸಹಿ. ಕೆಇಎ ಪ್ರಕಟಿಸುವ ನಮೂನೆಯಲ್ಲೇ ಬರೆಸು. ಅರ್ಜಿಯಲ್ಲಿ ಎಸ್‌ಎಟಿಎಸ್ (ಶಾಲಾ ಮಕ್ಕಳ ಆನ್‌ಲೈನ್ ದಾಖಲೆ) ಮಾಹಿತಿ ತಾನಾಗಿಯೇ ತೋರಿಸಿದರೂ ಕಾಗದ ಕೈಯಲ್ಲಿರಲಿ, ಶಾಲೆಯವರು ಮಾಧ್ಯಮದ ಜಾಗದಲ್ಲಿ ತಪ್ಪು ತುಂಬಿದ್ದರೆ ಆಗ ಉಪಯೋಗಕ್ಕೆ ಬರುತ್ತದೆ. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ, ಹೆಡ್‌ಮಾಸ್ತರರು ಸಿಗುವುದು ಕಷ್ಟ. ಅದಕ್ಕೆ ಮೊದಲೇ ಹೋಗಿ, ಪ್ರವೇಶ ದಾಖಲಾತಿ ಪುಸ್ತಕದಲ್ಲಿ ನಿನ್ನ ಹೆಸರಿನ ಸಾಲನ್ನು ಅವರ ಎದುರೇ ಓದಿ ನೋಡು.